ಕೆಟ್ಟಿದ್ದನ್ನು ಯಾರಿಗೆ ಹೇಳಬೇಕು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ಅಂಗಡಿಯ ಮೇಲ್‌ಗೆ ಬರುತ್ತವೆ. ಅವನ್ನು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಇಳಿಸಿಕೊಂಡು ಪ್ರಿಂಟ್ ಕೊಡುವುದು ರೂಢಿ. ಈಚೆಗೆ ಪ್ರಿಂಟ್ ಒತ್ತಿದರೆ ಸಾಕು, ತಂತ್ರಾಂಶ ತಟ್ಟನೆ ಮುಚ್ಚಿಕೊಳ್ಳುತ್ತದೆ. "ಅಣ್ಣ, ಮತ್ತೆ ಹೋತು!" ಎಂದು ಕೆಲಸದ ಹುಡುಗ ಕೂಗುತ್ತಾನೆ. ಕುಸಿತದ ವರದಿಯನ್ನು ತಯಾರಕರಿಗೆ ಕಳಿಸಲೇ ಎಂದು ಕೇಳುವ ಕಿಟಕಿ ಮೂಡುತ್ತದೆ. ಕಳಿಸುವ ಟಿಕ್ ತೆಗೆದು ಮುಚ್ಚುತ್ತಾರೆ. ಕೊನೆಗೆ ಟ್ರಬಲ್‌ಶೂಟ್ ಮೋಡ್‌ನಲ್ಲಿ ತೆರೆದರೆ ಎಲ್ಲ ಸರಾಗ. ಅಲ್ಲಿ ಆಡ್‌ಆನ್‌ಗಳು, ಅಂದರೆ ನಾವು ಹೊರಗಿನಿಂದ ಸೇರಿಸಿಕೊಂಡ ಪುಟ್ಟ ತಂತ್ರಾಂಶಗಳು, ಕೆಲಸ ಮಾಡುವುದಿಲ್ಲ. ಒಂದೊಂದನ್ನೇ ಮತ್ತೆ ಹಚ್ಚಿ ನೋಡಿ, ಕೆಡಿಸುತ್ತಿದ್ದುದನ್ನು ಹಿಡಿದು ಕಿತ್ತುಹಾಕುತ್ತಾರೆ. ಅಂಗಡಿ ಮತ್ತೆ ನಡೆಯುತ್ತದೆ.

ಅಂಗಡಿಯವನ ಕರ್ತವ್ಯ ಅಲ್ಲಿಗೆ ತೀರಿತೇ? ಇಲ್ಲ ಎಂದೇ ನನ್ನ ನಿಲುವು. ವರದಿ ತಲುಪಿದರೆ ಅದಕ್ಕೊಂದು ಗುರುತಿನ ಸಂಖ್ಯೆ ಬೀಳುತ್ತದೆ. ತಂತ್ರಾಂಶದ ಒಂದೇ ಜಾಗದಲ್ಲಿ ಮುಗ್ಗರಿಸಿದ ವರದಿಗಳು ಒಟ್ಟಿಗೆ ಸೇರುತ್ತವೆ. ತಿದ್ದುವವರು ತೂಗುವುದು ಆ ರಾಶಿಯನ್ನು. ಕಳಿಸದವನ ತೊಂದರೆ ಅವರ ಪಾಲಿಗೆ ಆಗಿಯೇ ಇಲ್ಲ.

"ನಮಗೆ ಇಂಗ್ಲಿಷ್ ಅಷ್ಟು ಬರಲ್ಲ" ಎಂಬ ಹಿಂಜರಿಕೆ ನಮ್ಮಲ್ಲಿ ಬಹಳ. ಆದರೆ ಮುಖ್ಯ ವಿವರವನ್ನು ಯಂತ್ರವೇ ಬರೆದಿರುತ್ತದೆ. ಪ್ರಿಂಟ್ ಒತ್ತಿದೆ, ಮುಚ್ಚಿತು ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರೂ ಸಾಕು. ನಾವು ಹೇಳಲೇಬೇಕಾದ ಕಾರಣ ಇನ್ನೊಂದಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ಜ್ಞಾ ಅಕ್ಷರವುಳ್ಳ ಸಂದೇಶ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಸುದ್ದಿ ಜಗತ್ತಿಗೆಲ್ಲ ಹಬ್ಬಿತು, ಅದೇ ತಿಂಗಳು 19ಕ್ಕೆ ಆಪಲ್ ಐಓಎಸ್ 11.2.6 ಕೊಟ್ಟು ಸರಿಪಡಿಸಿತು. ನಮ್ಮ ಒತ್ತಕ್ಷರದಿಂದ ತಂತ್ರಾಂಶ ಕುಸಿದರೂ ಮೊದಲು ಎಡವುವವರು ದಿನವೂ ಕನ್ನಡ ಟೈಪ್ ಮಾಡುವ ಕೊಟ್ಟೂರು, ಹಡಗಲಿ, ಹರಪನಹಳ್ಳಿಯಂಥ ಊರಿನವರೇ. ಅವರು ಸುಮ್ಮನಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ತಿಳಿಯುವ ದಾರಿ ಯಾವುದು?

ಅಂಗಡಿಯವನ ಅಂಜಿಕೆಯೂ ಸುಳ್ಳಲ್ಲ. ಯಂತ್ರದಲ್ಲಿರುವುದು ಊರವರ ಆಧಾರ್, ಜಮೀನು, ಜಾತಿ. ಕುಸಿದ ಗಳಿಗೆಯಲ್ಲಿ ಮೆಮೊರಿಯಲ್ಲಿದ್ದ ತುಣುಕುಗಳು ವರದಿಯಲ್ಲಿ ಸೇರಿಕೊಳ್ಳಬಹುದು. ಅವನ್ನು ನೋಡುವ ಅಧಿಕಾರ ಕೆಲವರಿಗಷ್ಟೇ ಇದೆ, ನಿಜ; ಆದರೆ ನಂಬಿ ಕಾಗದ ಕೊಟ್ಟವರು ಅವರನ್ನು ನಂಬಿ ಕೊಟ್ಟವರಲ್ಲ. ಇಷ್ಟು ತೂಗಿಯೂ ಕಳಿಸುವುದೇ ಸರಿ ಎನ್ನುತ್ತೇನೆ, ಏಕೆಂದರೆ ಇದೇ ದೋಷದಿಂದ ನಾಳೆ ಇನ್ನೊಬ್ಬರ ಅರ್ಜಿಯ ಕೊನೆಯ ದಿನ ತಪ್ಪೀತು. ವರದಿಯ ಜೊತೆ ಬರೆಯುವ ಟಿಪ್ಪಣಿಯಲ್ಲಿ ಮಾತ್ರ ಗಿರಾಕಿಯ ಹೆಸರು, ನಂಬರು ಬರಕೂಡದು.

ಯಾರದೋ ಒಂದು ಕಡತ ತೆರೆದಾಗಲೇ ತಂತ್ರಾಂಶ ಕೆಡುತ್ತಿದ್ದರೆ ಮಾತು ಬೇರೆ. ಆ ಕಡತವನ್ನೇ ಲಗತ್ತಿಸಿ ಕಳಿಸುವ ಹಕ್ಕು ಅಂಗಡಿಯವನಿಗಿಲ್ಲ. "ಅಕ್ಕಾ, ನಿಮ್ಮ ಕಾಗದ ಕಳಿಸಿದ್ರೆ ಅವರು ಸರಿಮಾಡ್ತಾರೆ, ಕಳಿಸ್ಲಾ?" ಎಂದು ಕೇಳಬೇಕು. ಅವರು ಬೇಡವೆಂದರೆ ಅದೇ ಬಗೆಯ ಖಾಲಿ ಅರ್ಜಿಯೊಂದಕ್ಕೆ ಸುಳ್ಳು ಹೆಸರು ತುಂಬಿ, ಅದೂ ಹಾಗೇ ಕೆಡುತ್ತದೆಯೇ ನೋಡಿ, ಅದನ್ನು ಕಳಿಸಬೇಕು. ಅದಕ್ಕೆ ಒಂದು ಮಧ್ಯಾಹ್ನ ಹೋದರೂ ಹೋಗಲಿ.