ನೀರು ಹಾಕದಿರುವ ಪ್ರೀತಿ

ಕೂತ್ಕೊಳ್ಳಿ. ಸತ್ಯವೇದ ತಂದಿರೋರು 1 ಅರಸುಗಳು 19ನೇ ಅಧ್ಯಾಯ ತೆಗೆದಿಟ್ಕೊಳ್ಳಿ. ಮೊಬೈಲ್‌ನಲ್ಲಿ ಓದೋರು ಅದರಲ್ಲೇ ತೆಗೀರಿ, ಆದ್ರೆ ಇನ್‌ಸ್ಟಾಗ್ರಾಂ ಕಡೆ ಹೋಗಬೇಡಿ. ವಾಕ್ಯಕ್ಕೆ ಬರೋಕೆ ಮುಂಚೆ ನಿಮಗೆ ಒಂದು ಕುಂಡ ತೋರಿಸಬೇಕು.

ಹಿಂದೆ ಕೂತಿರೋರಿಗೆ ಕಾಣ್ತಿದೆಯಾ? ಕ್ಯಾಮೆರಾ ಬ್ರದರ್, ಸ್ವಲ್ಪ ಹತ್ತಿರ ತೋರಿಸಿ. ಕುಂಡದಲ್ಲಿ ಏನಿದೆ? ಕಲ್ಲು ಅಂತೀರಾ? ನಮ್ಮ ಮನೆಯವರೂ ಅದನ್ನೇ ಕೇಳಿದ್ರು, "ರೀ, ಕುಂಡದಲ್ಲಿ ಕಲ್ಲು ನೆಟ್ಟಿದ್ದೀರಾ?" ಅಂತ. ಇದು ಕಲ್ಲಲ್ಲ, ಹೂ ಬಿಡೋ ಗಿಡ. ಹೆಸರು ಲಿಥಾಪ್ಸ್. ಇದರ ಊರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಒಣ ಭೂಮಿ. 1811ರಲ್ಲಿ ವಿಲಿಯಂ ಬರ್ಚೆಲ್ ಅನ್ನೋ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞರು ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಹತ್ತಿರ ನೆಲದಿಂದ ಒಂದು ವಿಚಿತ್ರ ಕಲ್ಲು ಎತ್ತಿಕೊಂಡರು. ಕೈಗೆ ಬಂದ ಮೇಲೆ ನೋಡಿದ್ರೆ ಅದು ಗಿಡ! 1922ರಲ್ಲಿ ಈ ಗಿಡಗಳಿಗೆ ಲಿಥಾಪ್ಸ್ ಅಂತ ಹೆಸರಾಯ್ತು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ "ಕಲ್ಲಿನ ಮುಖ". ಬೆಳೆಸೋರು ಪ್ರೀತಿಯಿಂದ ಇದನ್ನ ಜೀವಂತ ಕಲ್ಲು ಅಂತ ಕರೀತಾರೆ. ಪೇತ್ರನು ತನ್ನ ಮೊದಲನೇ ಪತ್ರದ 2ನೇ ಅಧ್ಯಾಯದಲ್ಲಿ ವಿಶ್ವಾಸಿಗಳನ್ನ ಏನಂತ ಕರೆದಿದ್ದಾನೆ, ಮನೆಗೆ ಹೋಗಿ ಓದಿ. ನೀವೇ ಆಶ್ಚರ್ಯಪಡ್ತೀರಿ.

ಈ ಗಿಡ ನನಗೆ ಯಾರು ಕೊಟ್ಟರು ಅಂತ ಹೇಳ್ತೀನಿ. ನಾನು ಮೊದಲು ಸೇವೆ ಮಾಡ್ತಿದ್ದ ಸಭೆಯಲ್ಲಿ ಒಬ್ಬ ಯೌವನಸ್ಥ ಸಹೋದರ ಇದ್ದ. ನಿಮಗ್ಯಾರಿಗೂ ಅವನು ಗೊತ್ತಿಲ್ಲ, ಹುಡುಕೋಕೆ ಹೋಗಬೇಡಿ. ಅವನನ್ನ ಕೇಳಿ, ಅವನು ಆಗಲಿ ಅಂದ ಮೇಲೆಯೇ ಹೇಳ್ತಿದ್ದೀನಿ. ಅವನ ಬಾಲ್ಕನಿ ತುಂಬ ಇಂಥ ಗಿಡಗಳು. ಎಲ್ಲವೂ ಬೀಜದಿಂದ ಬೆಳೆಸಿದ್ದು. ಆಫ್ರಿಕಾದ ಬಯಲಿನಿಂದ ಇಂಥ ಗಿಡಗಳನ್ನ ಕಿತ್ತು ಮಾರೋ ಕಳ್ಳಸಾಗಣೆ ಇದೆ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ಬೀಜದಿಂದ ಬೆಳೆದದ್ದು ಅಂತ ಖಾತ್ರಿ ಇಲ್ಲದೆ ಒಂದನ್ನೂ ಕೊಳ್ತಿರಲಿಲ್ಲ.

ಒಂದು ನವೆಂಬರ್‌ನಲ್ಲಿ ನನಗೂ ಒಂದು ಗಿಡ ತಂದುಕೊಟ್ಟ. ಬೇರು ಉದ್ದಕ್ಕೆ ಇಳಿಯುತ್ತೆ, ಅದಕ್ಕೇ ಆಳದ ಕುಂಡ. ಮಣ್ಣು ಕಡಿಮೆ, ಒರಟು ಮರಳು, ಸಣ್ಣ ಜಲ್ಲಿಯೇ ಜಾಸ್ತಿ. "ಪಾಸ್ಟರ್, ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳಬೇಕು. ಮಳೆಗಾಲದಲ್ಲಿ ಮಳೆ ತಾಗಬಾರದು. ಮುಖ್ಯವಾಗಿ, ಈಗ ನೀರು ಬೇಡ. ಏಪ್ರಿಲ್‌ವರೆಗೂ ಮುಟ್ಟಬೇಡಿ" ಅಂದ.

ನಾನು ಆಯ್ತು ಅಂದೆ.

ಡಿಸೆಂಬರ್‌ನಲ್ಲಿ ಅವನ ತಂದೆ ತೀರಿಹೋದರು. ಆಸ್ಪತ್ರೆಯಲ್ಲಿದ್ದಾಗ ನಾವೆಲ್ಲಾ ಉಪವಾಸ ಪ್ರಾರ್ಥನೆ ಮಾಡಿದ್ದೆವು. ಗುಣ ಆಗುತ್ತೆ ಅಂತ ನಾನು ವೇದಿಕೆಯಿಂದಲೇ ಹೇಳಿದ್ದೆ. ಗುಣ ಆಗಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಆ ಹುಡುಗ ಮಾತು ಕಡಿಮೆ ಮಾಡಿದ. ಆರಾಧನೆಯಲ್ಲಿ ಕೈ ಎತ್ತುತ್ತಿರಲಿಲ್ಲ, ಸುಮ್ಮನೆ ನಿಂತಿರ್ತಿದ್ದ.

ನನಗೆ ಭಯ ಆಯ್ತು. ಇವನು ಒಣಗಿಹೋಗ್ತಿದ್ದಾನೆ, ಏನಾದ್ರೂ ಮಾಡಬೇಕು ಅಂತ. ಪ್ರತಿ ದಿನ ಬೆಳಗ್ಗೆ ವಾಕ್ಯ ಕಳಿಸಿದೆ. ರಾತ್ರಿ ಫೋನ್ ಮಾಡಿದೆ. ಯೂತ್ ಮೀಟಿಂಗ್ ಜವಾಬ್ದಾರಿ ಕೊಟ್ಟೆ. ಮೂರನೇ ವಾರ ಮುಂದೆ ಕರೆದು, ಕೈಗೆ ಮೈಕ್ ಕೊಟ್ಟು, "ದೇವರು ಒಳ್ಳೆಯವರು ಅಂತ ಸಾಕ್ಷಿ ಹೇಳು ತಮ್ಮಾ" ಅಂದೆ. ಅವನು ಮೈಕ್ ಹಿಡಿದುಕೊಂಡು ನಿಂತ. ಬಾಯಿಂದ ಮಾತು ಬರಲಿಲ್ಲ. ನಾನೇ ಮೈಕ್ ತಗೊಂಡು ಹಲ್ಲೆಲೂಯಾ ಅಂತ ಜೋರಾಗಿ ಹೇಳಿ ಮುಚ್ಚಿಹಾಕಿದೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಅದೇ ಜನವರಿಯಲ್ಲಿ ಗಿಡವೂ ಸುಕ್ಕುಗಟ್ಟೋಕೆ ಶುರುವಾಯ್ತು. ಬಣ್ಣ ಮಂಕಾಯ್ತು, ಮಧ್ಯದ ಸೀಳು ಬಾಯಿ ಬಿಟ್ಟಿತು. ಅಯ್ಯೋ, ಸಾಯ್ತಿದೆ ಅಂದ್ಕೊಂಡು ಒಂದು ಲೋಟ ನೀರು ಹಾಕಿದೆ. ಮರುದಿನ ಇನ್ನೊಂದು ಲೋಟ. ಒಂದು ವಾರದಲ್ಲಿ ಅದು ಬೆರಳಿಟ್ಟರೆ ಒಳಗೆ ಹೋಗೋ ಹಾಗೆ ಕೊಳೆತುಹೋಯ್ತು.

ಆ ಕುಂಡ ಹಿಡಿದುಕೊಂಡೇ ಅವನ ಮನೆಗೆ ಹೋದೆ. ನಿಜ ಹೇಳಬೇಕಂದ್ರೆ, ಬೇರೆ ಯಾವ ನೆಪ ಇಟ್ಕೊಂಡು ಹೋಗೋದು ಅಂತ ತಿಳಿದಿರಲಿಲ್ಲ. ಅವನು ಕುಂಡ ನೋಡಿದ. ಕೋಪ ಮಾಡಿಕೊಳ್ಳಲಿಲ್ಲ. "ಪಾಸ್ಟರ್, ಅದು ಸಾಯ್ತಿರಲಿಲ್ಲ. ಒಳಗೆ ಹೊಸದು ಬರ್ತಿತ್ತು" ಅಂದ.

ಪ್ರಿಯರೇ, ಅವನು ಹೇಳಿದ್ದನ್ನ ಗಮನವಿಟ್ಟು ಕೇಳಿ. ಈ ಗಿಡಕ್ಕೆ ಇರೋದು ಒಂದೇ ಜೋಡಿ ಎಲೆ. ತನ್ನ ಊರಲ್ಲಿ ಮೈಯೆಲ್ಲಾ ಮಣ್ಣಿನೊಳಗೆ ಇರುತ್ತೆ, ತಲೆ ಮಾತ್ರ ಹೊರಗೆ. ಆ ತಲೆಯ ಮೇಲೆ ಗಾಜಿನ ಕಿಟಕಿಯ ಹಾಗೆ ಬೆಳಕು ಬಿಡೋ ಭಾಗ ಇದೆ. ಬೆಳಕು ಅಲ್ಲಿಂದ ಒಳಗೆ ಇಳಿಯುತ್ತೆ. ಹೂ ಬಿಟ್ಟು ಮುಗಿದ ಮೇಲೆ ಹಳೇ ಎಲೆಗಳ ಹೊಟ್ಟೆಯೊಳಗೆ ಹೊಸ ಜೋಡಿ ಎಲೆ ಹುಟ್ಟುತ್ತೆ. ಆ ಹೊಸ ಎಲೆ ನೀರು ಕುಡಿಯೋದು ಎಲ್ಲಿಂದ? ಹಳೇ ಎಲೆಯಿಂದ. ಹಳೆಯದು ತನ್ನಲ್ಲಿರೋದನ್ನೆಲ್ಲಾ ಕೊಟ್ಟು, ಕೊನೆಗೆ ಒಣ ಕಾಗದದ ಹಾಗೆ ಆಗುತ್ತೆ. ಅದಕ್ಕೆ ತಿಂಗಳುಗಳೇ ಬೇಕು. ನಡುವೆ ನೀವು ನೀರು ಹಾಕಿದ್ರೆ ಹಳೇ ಎಲೆ ಮತ್ತೆ ಉಬ್ಬುತ್ತೆ, ಹೊಸದಕ್ಕೆ ದಾರಿ ಬಿಡಲ್ಲ, ಇಡೀ ಗಿಡ ಕೊಳೆಯೋಕೂ ಸಾಕು. ಹೊರಗಿನಿಂದ ನೋಡೋನಿಗೆ ಸುಕ್ಕು ಕಾಣುತ್ತೆ. ಒಳಗೆ ದೇವರು ಕೆಲಸ ಮಾಡ್ತಿರೋದು ಕಾಣಲ್ಲ.

ಈಗ ವಾಕ್ಯಕ್ಕೆ ಬನ್ನಿ. ಎಲೀಯ. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದದ್ದನ್ನ ಕಣ್ಣಾರೆ ಕಂಡವನು. ನಮ್ಮ ಸಭೆಗಳಲ್ಲಿ ಆ 18ನೇ ಅಧ್ಯಾಯದ ಮೇಲೆ ಎಷ್ಟು ಪ್ರಸಂಗ ಕೇಳಿದ್ದೀರಿ! ಮುಂದಿನ ಅಧ್ಯಾಯದಲ್ಲಿ ಅದೇ ಮನುಷ್ಯ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡಿಕೊಳ್ತಾನೆ. ಹೀಬ್ರೂ ಭಾಷೆಯಲ್ಲಿ ಆ ಗಿಡದ ಹೆಸರು ರೋತೆಮ್. ಅದೂ ಮರುಭೂಮಿಯಲ್ಲಿ ಬೆಳೆಯೋ ಹೂವಿನ ಗಿಡವೇ.

ಅಲ್ಲಿ ದೇವರು ಏನು ಮಾಡಿದರು? ನಾನಾಗಿದ್ರೆ, "ಎಲೀಯಾ, ನಿನ್ನ ವಿಶ್ವಾಸ ಎಲ್ಲಿ? ಮೊನ್ನೆ ಬೆಂಕಿ ನೋಡಲಿಲ್ವಾ?" ಅಂತಿದ್ದೆ. ಬೇರ್ಷೆಬದಲ್ಲಿ ಸಾಕ್ಷಿ ಕೂಟ ಇಡಿಸ್ತಿದ್ದೆ. ದೇವರು ದೂತನನ್ನ ಕಳಿಸಿದರು. ದೂತ ಮುಟ್ಟಿ ಎಬ್ಬಿಸಿದ. ತಲೆ ಹತ್ತಿರ ಒಂದು ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿಬಿಟ್ಟ. ಮಲಗೋಕೆ ದೂತ ಬಿಟ್ಟ! ಎರಡನೇ ಸಾರಿ ಎಬ್ಬಿಸಿದಾಗಲೂ ಬೈಗುಳ ಇಲ್ಲ. ಪ್ರಯಾಣ ನಿನ್ನ ಶಕ್ತಿ ಮೀರಿದ್ದು ಅಂತ ಒಪ್ಪಿಕೊಂಡು, ಊಟ ಮಾಡು ಅಂತಾನೆ. ದೇವರು ಪ್ರಶ್ನೆ ಕೇಳಿದ್ದು ಯಾವಾಗ? ಇನ್ನೂ 40 ದಿನ ಕಳೆದು, ಹೋರೇಬ್‌ನಲ್ಲಿ. ಅಲ್ಲೀವರೆಗೂ ರೊಟ್ಟಿ, ನೀರು, ನಿದ್ದೆ. ಎಷ್ಟು ಬೇಕೋ ಅಷ್ಟು. ನಮ್ಮ ದೇವರಿಗೆ ಕಾಲ ಗೊತ್ತು. ಆಮೆನ್ ಹೇಳ್ತೀರಾ?

ಯೋಬನ ಸ್ನೇಹಿತರನ್ನೂ ನೋಡಿ. ಮೊದಲ 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಆಮೇಲೆ ಬಾಯಿ ತೆಗೆದು ಉಪದೇಶ ಶುರು ಮಾಡಿದರು. ಕೊನೆಯ ಅಧ್ಯಾಯದಲ್ಲಿ ದೇವರು ಕೋಪಗೊಂಡದ್ದು ಅವರ ಆ ಮಾತುಗಳಿಗೆ.

ಆ ದಿನ ಆ ಸಹೋದರನ ಮನೆಯಲ್ಲಿ ನಾನು ಕ್ಷಮೆ ಕೇಳಿದೆ. ಮೈಕ್ ಕೊಟ್ಟದ್ದಕ್ಕೆ ಕೇಳಿದೆ. ದೇವರು ನನಗೆ ಹೇಳದೇ ಇದ್ದದ್ದನ್ನ ದೇವರ ಹೆಸರಲ್ಲಿ ಹೇಳಿದ್ದಕ್ಕೂ ಕೇಳಿದೆ. ಅವನ ತಾಯಿ ಕಾಫಿ ತಂದರು. ಮೂವರೂ ಸುಮ್ಮನೆ ಕೂತು ಕುಡಿದೆವು. ಹೊರಡುವಾಗ ಪ್ರಾರ್ಥನೆ ಮಾಡಲಾ ಅಂತ ಕೇಳಿದೆ. "ಇವತ್ತು ಬೇಡ ಪಾಸ್ಟರ್" ಅಂದ. ಸರಿ ಅಂತ ಎದ್ದು ಬಂದೆ. ನನ್ನ ಸೇವೆಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ತಂದೆತಾಯಿಯರೇ, ಯೂತ್ ಲೀಡರ್‌ಗಳೇ, ಸ್ನೇಹಿತರೇ, ನಿಮಗೊಂದು ಮಾತು. ನಿಮ್ಮವರು ಒಬ್ಬರು ಸುಕ್ಕುಗಟ್ಟಿರೋದು ಕಂಡ ಕೂಡಲೇ ಕೊಡ ಎತ್ತಿಕೊಂಡು ಓಡಬೇಡಿ. ನೀರು ಹಾಕೋದು ಅವರಿಗೋಸ್ಕರವಾ, ನಿಮ್ಮ ಭಯಕ್ಕೋಸ್ಕರವಾ, ಕೇಳಿಕೊಳ್ಳಿ. ನೀರು ಹಾಕಲ್ಲ ಅಂದ್ರೆ ಕೈಬಿಡೋದು ಅಂತಲ್ಲ. ಈ ಕುಂಡವನ್ನ ನಾನು ದಿನಾ ನೋಡ್ತೀನಿ. ಬಿಸಿಲು ಬೀಳ್ತಿದೆಯಾ, ಮಳೆ ತಾಗ್ತಿದೆಯಾ ಅಂತ ನೋಡ್ತೀನಿ. ಹಾಗೇ ಊಟ ಕಳಿಸಿ. ಬಾಡಿಗೆ ಕಟ್ಟೋಕೆ ಆಗ್ತಿಲ್ಲ ಅಂದ್ರೆ ಕಟ್ಟಿ. ಪಕ್ಕದಲ್ಲಿ ಕೂತ್ಕೊಳ್ಳಿ.

ಇನ್ನು ಒಣಗಿದ ಕಾಲದಲ್ಲಿ ಇರೋರೇ, ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತಿದ್ದವರಿಗೆ ಈಗ ಕನ್ನಡದಲ್ಲೂ ಒಂದು ವಾಕ್ಯ ಬರ್ತಿಲ್ಲ ಅನ್ನಿಸಬಹುದು. ಪವಿತ್ರಾತ್ಮನು ಬಿಟ್ಟುಹೋದ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನಿಮ್ಮ ಕಣ್ಣಿಗೇ ಕಾಣದ ಜಾಗದಲ್ಲಿ ದೇವರು ಹೊಸದನ್ನ ಬೆಳೆಸ್ತಿರಬಹುದು. ಆದ್ರೆ ನಿದ್ದೆ ಬರ್ತಿಲ್ಲ, ಎಲೀಯನ ಹಾಗೆ ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ, ಇವತ್ತೇ ಒಬ್ಬರ ಹತ್ತಿರ ಹೇಳಿ, ಡಾಕ್ಟರ್ ಹತ್ತಿರ ಹೋಗಿ. ನಾನೇ ಜೊತೆಗೆ ಬರ್ತೀನಿ. ಅದು ಅವಿಶ್ವಾಸ ಅಲ್ಲ. ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ಊಟ ಮತ್ತು ನಿದ್ದೆ ಅನ್ನೋದನ್ನ ಮರೀಬೇಡಿ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಈ ಗಿಡದ ಬೀಜದ ಕೋಶ ಒಣಗಿದ್ದಾಗ ಬಿಗಿಯಾಗಿ ಮುಚ್ಚಿರುತ್ತೆ. ಮಳೆ ಹನಿ ಬಿದ್ದಾಗ ಮಾತ್ರ ತೆರೆಯುತ್ತೆ, ಹನಿಯ ಏಟಿಗೆ ಬೀಜ ಹೊರಗೆ ಚಿಮ್ಮುತ್ತೆ. ಅಂದ್ರೆ ಈ ಗಿಡಕ್ಕೆ ನೀರಿನ ಮೇಲೆ ದ್ವೇಷ ಇಲ್ಲ. ಅದು ಮಳೆಯನ್ನ ಕಾಯ್ತಾ ಇರೋ ಗಿಡವೇ.

ಇದು ಅವನು ಕೊಟ್ಟ ಎರಡನೇ ಗಿಡ. ಅವನು ಈಗ ಬೇರೆ ಊರಲ್ಲಿದ್ದಾನೆ. ಅಲ್ಲೊಂದು ಚಿಕ್ಕ ಸಭೆಗೆ ಹೋಗ್ತಾನೆ, ಕೊನೇ ಸಾಲಿನಲ್ಲಿ ಕೂರ್ತಾನಂತೆ. ಹೋದ ಅಕ್ಟೋಬರ್‌ನ ಒಂದು ಭಾನುವಾರ, ಆರಾಧನೆ ಮುಗಿಸಿ ಮಧ್ಯಾಹ್ನ ಮನೆಗೆ ಹೋದ್ರೆ ಸೀಳಿನಿಂದ ಹಳದಿ ಹೂ ಬಂದು ಅರಳಿತ್ತು. ಕಲ್ಲೇ ಕಾಣದ ಹಾಗೆ ಅಷ್ಟು ದೊಡ್ಡದು. ಫೋಟೋ ತೆಗೆದು ಅವನಿಗೆ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: "ತುಂಬ ಚೆನ್ನಾಗಿದೆ ಪಾಸ್ಟರ್, ಇನ್ನು ನೀರು ನಿಲ್ಲಿಸಿ."

ನಿಲ್ಲಿಸಿದ್ದೀನಿ. ಅದಕ್ಕೇ ಇವತ್ತು ಹೀಗೆ ಸುಕ್ಕುಗಟ್ಟಿದೆ. ಹೂ ಇದ್ದಾಗ ತರಬಹುದಿತ್ತು, ಬೇಕಂತಲೇ ಈಗ ತಂದೆ.

ಕಣ್ಣು ಮುಚ್ಚೋಣ. ಕರ್ತನೇ, ಇಲ್ಲಿ ಒಣಗಿ ಕೂತಿರೋ ಮಕ್ಕಳನ್ನ ನೀನು ಬಲ್ಲೆ. ಅವರ ಹೆಸರು ಹಿಡಿದು ಮುಂದೆ ಕರೆಯದ ಬುದ್ಧಿ ನನಗೆ ಕೊಡು. ನಿನ್ನ ಹೊತ್ತಿಗೆ ನಿನ್ನ ಮಳೆ ಬರಲಿ. ಅಲ್ಲೀವರೆಗೂ ಒಬ್ಬರ ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂರೋ ಪ್ರೀತಿ ನಮಗೆ ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.