ಹಳೆಯ ಬಂದೂಕಿನ ಹೊಸ ಹೊಳಪು

ಹಳೆಯದೊಂದು ವಸ್ತುವನ್ನು ಉಜ್ಜಿ, ಬಣ್ಣ ಬಳಿದು, ನಿನ್ನೆ ಮಾಡಿದುದರಂತೆ ತೋರಿಸುವುದು ಅದಕ್ಕೆ ಸಲ್ಲಿಸಿದ ಗೌರವವೋ, ಅದರ ಬಾಯಿ ಮುಚ್ಚಿಸಿದ ಅಪರಾಧವೋ? ದೇವಾಲಯದ ಬಾಗಿಲು, ಅಜ್ಜಿಯ ಕಾಲದ ಪಾತ್ರೆ ಇವುಗಳ ವಿಷಯದಲ್ಲಿ ಏಳುವ ಈ ಪ್ರಶ್ನೆ ಬ್ರಿಟಿಷ್ ಸೇನೆಯ ಹಳೆಯ ಬಂದೂಕಿನ ವಿಷಯದಲ್ಲಿಯೂ ಏಳುತ್ತದೆ. ಕೊಲ್ಲುವುದಕ್ಕೆಂದೇ ಮಾಡಿದ ವಸ್ತುವಿನಲ್ಲಿ ಧರ್ಮಜಿಜ್ಞಾಸೆಯೇ ಎಂದು ವಾಚಕರು ಕೇಳಬಹುದು. ಸತ್ಯವೆಂಬುದು ಪ್ರಿಯವಾದ ವಸ್ತುಗಳಿಗೆ ಮಾತ್ರ ಸಲ್ಲತಕ್ಕ ಮರ್ಯಾದೆಯಲ್ಲ.

ನಮ್ಮ ಜನ ‘ತ್ರೀ ನಾಟ್ ತ್ರೀ’ ಎಂದು ಕರೆದ ಲೀ-ಎನ್‌ಫೀಲ್ಡ್ ಬಂದೂಕಿನ ಮೂರನೆಯ ಮಾದರಿ ೧೯೦೭ರಲ್ಲಿ ಅಂಗೀಕೃತವಾಯಿತು. ಬಂಗಾಳದ ಇಷಾಪುರದ ಕಾರ್ಖಾನೆಯಲ್ಲಿಯೂ ಅದು ತಯಾರಾಯಿತು. ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ನಮ್ಮ ಪೊಲೀಸರ ಹೆಗಲ ಮೇಲಿತ್ತು. ಅಗಸೆಯೆಣ್ಣೆ ಕುಡಿದ ವಾಲ್‌ನಟ್ ಮರ, ಬುಡಕ್ಕೆ ಹಿತ್ತಾಳೆಯ ತಗಡು, ಕಪ್ಪುಗೊಳಿಸಿದ ಉಕ್ಕು, ದೂರದ ಗುರಿಗೆಂದು ಪಕ್ಕದಲ್ಲಿ ಬೇರೊಂದು ಗುರಿಸಾಧನ: ಇದು ಅದರ ಮೊದಲ ರೂಪ. ೧೯೧೬ರಲ್ಲಿ, ಯುದ್ಧದ ಅವಸರಕ್ಕಾಗಿ, ಆ ಗುರಿಸಾಧನವನ್ನೂ ಇನ್ನು ಕೆಲವು ಭಾಗಗಳನ್ನೂ ಕೈಬಿಟ್ಟರು. ಮೊದಲೇ ತಯಾರಾಗಿದ್ದ ಎಷ್ಟೋ ಬಂದೂಕುಗಳು ದುರಸ್ತಿಗೆ ಬಂದಾಗ ಅವುಗಳಿಂದಲೂ ಆ ಭಾಗಗಳು ಹೋದುವು.

ಈಗ ಸಂಗ್ರಾಹಕನೊಬ್ಬನು ಆ ಭಾಗಗಳನ್ನು ಎಲ್ಲಿಂದಲೋ ತಂದು ಕೂಡಿಸಿ, ಸವೆದ ಕಪ್ಪನ್ನು ಹೊಸದಾಗಿ ಏರಿಸಿ, ಇದೇ ಮೂಲರೂಪವೆನ್ನುತ್ತಾನೆ. ಯಾವ ಮೂಲ? ಕಾರ್ಖಾನೆಯಿಂದ ಹೊರಬಿದ್ದ ದಿನ ಮಾತ್ರ ಮೂಲವಾದರೆ, ಅನಂತರದ ಆಯುಷ್ಯವೆಲ್ಲ ಕಲಂಕವೆಂದು ಹೇಳಿದಂತಾಯಿತು. ಭಾರತದಲ್ಲಿ ಬಳಕೆಯಲ್ಲಿದ್ದ ಅನೇಕ ಬಂದೂಕುಗಳಲ್ಲಿ ಮುಂಭಾಗದ ಮರ ಸೀಳದಿರಲೆಂದು ಅಡ್ಡಲಾಗಿ ಒಂದು ತಿರುಪನ್ನು ಬಿಗಿದಿದ್ದಾರೆ. ಅದನ್ನು ಕುರೂಪವೆಂದು ಕಿತ್ತು ರಂಧ್ರವನ್ನು ಮುಚ್ಚುವವನು, ಆ ಬಂದೂಕು ಈ ನಾಡಿನಲ್ಲಿ ದುಡಿದ ಸಂಗತಿಯನ್ನೇ ಅಳಿಸುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರದಾಚೆಗೆ ಹೋದರು. ಅವರಲ್ಲಿ ಬಹುಮಂದಿಯ ಹೆಸರು ನಮಗೆ ತಿಳಿಯದು. ಅವರ ಕೈ ಸೋಕಿ ಸವೆದ ಮರವೂ ಹೋದರೆ ಉಳಿಯುವುದೇನು?

ಹಾಗಾದರೆ ತುಕ್ಕು ಹಿಡಿಯಲು ಬಿಡಬೇಕೆ? ಖಂಡಿತವಾಗಿಯೂ ಇಲ್ಲ. ಉತ್ತರಹಳ್ಳಿಯ ನಮ್ಮ ಮನೆಗಳಲ್ಲಿ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ಯಾರನ್ನೂ ವಂಚಿಸುವುದಕ್ಕಲ್ಲ, ಹುಳಿ ಕೆಡದಿರಲೆಂದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಶುಚಿಗೊಳಿಸಿ, ‘ತೋಕ್ ಪೂ’ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಅಲ್ಲಿಯೂ ಕೋವಿಯ ವಯಸ್ಸನ್ನು ಯಾರೂ ಮರೆಮಾಚುವುದಿಲ್ಲ. ಆರೈಕೆ ಬೇರೆ, ಮರೆಮಾಚುವುದು ಬೇರೆ.

ಈ ಭೇದವನ್ನು ಆ ಸೇನೆಯೇ ಅರಿತಿತ್ತೆಂಬುದು ಗಮನಾರ್ಹ. ಎರಡನೆಯ ಮಹಾಯುದ್ಧದ ತರುವಾಯ ಬಂದೂಕುಗಳನ್ನು ಪೂರ್ತಿಯಾಗಿ ಬಿಚ್ಚಿ, ಸವೆದುದನ್ನು ಬದಲಿಸಿ, ಉಕ್ಕಿಗೆ ಹೊಸ ಬಣ್ಣ ಕೊಟ್ಟಾಗ, ಅವುಗಳ ಮೈಮೇಲೆಯೇ ‘ಎಫ್.ಟಿ.ಆರ್.’ ಎಂಬ ಮುದ್ರೆಯನ್ನೂ ವರ್ಷವನ್ನೂ ಒತ್ತುತ್ತಿದ್ದರು. ಕಾರ್ಖಾನೆಯಲ್ಲಿ ಸಮಗ್ರ ದುರಸ್ತಿಯಾಯಿತೆಂಬುದು ಅದರ ಅರ್ಥ. ಹೊಸತನವನ್ನು ಕೊಟ್ಟವರು ತಾವು ಕೊಟ್ಟೆವೆಂದು ಒಪ್ಪಿಕೊಂಡರು. ಇಂದಿನ ಜೀರ್ಣೋದ್ಧಾರಕನು ಅಂತಹ ಗುರುತನ್ನು ಬಿಡುವುದಿಲ್ಲ. ಮೂಲದ ಬಣ್ಣಕ್ಕೆ ಹೆಚ್ಚು ಬೆಲೆಯುಂಟೆಂಬುದನ್ನು ಬಲ್ಲನಾದುದರಿಂದ ಗುರುತು ಕಾಣದಂತೆಯೇ ಎಚ್ಚರ ವಹಿಸುತ್ತಾನೆ.

ವಸ್ತು ನನ್ನದು, ನನ್ನಿಷ್ಟ ಎಂದು ಆತನು ಹೇಳಬಹುದು. ಮರವೂ ಉಕ್ಕೂ ಅವನವೇ ಸರಿ; ಅವುಗಳ ಮೇಲೆ ಬರೆದಿರುವ ಚರಿತ್ರೆ ಅವನದಲ್ಲ, ಮುಂದೆ ಅದನ್ನು ಕೈಯಲ್ಲಿ ಹಿಡಿದು ನಂಬುವವನಿಗೂ ಅದರಲ್ಲಿ ಪಾಲುಂಟು. ಪರಕೀಯರ ಆಳ್ವಿಕೆಯ ಆಯುಧವನ್ನು ನಾವೇಕೆ ಹೀಗೆ ಕಾಪಾಡಬೇಕೆಂದರೆ ಉತ್ತರವೂ ಇದೇ: ಮೆರುಗು ಕೊಟ್ಟರೆ ಅದು ಗೋಡೆಯ ಅಲಂಕಾರವಾಗುತ್ತದೆ, ಗಾಯಗಳೊಡನೆ ಇಟ್ಟರೆ ಸಾಕ್ಷಿ ನುಡಿಯುತ್ತದೆ. ಆದುದರಿಂದ ಎಣ್ಣೆ ಸವರೋಣ, ತುಕ್ಕು ಹಿಡಿಯದಂತೆ ನೋಡಿಕೊಳ್ಳೋಣ, ಅನಿವಾರ್ಯವಾದರೆ ದುರಸ್ತಿಯನ್ನೂ ಮಾಡೋಣ. ಮಾಡಿದುದನ್ನು ಮಾತ್ರ ಮುಚ್ಚಿಡದಿರೋಣ.