ಅರಿವಿನ ಕಾಯಕ

ಗುರು, ಲಿಂಗ, ಜಂಗಮವೆಂಬ ಮೂರರಲ್ಲಿ ಶರಣರು ಗುರುವನ್ನು ಮೊದಲು ನೆನೆದರು. ಶಾಲೆಯ ಉಪಾಧ್ಯಾಯನು ದೀಕ್ಷಾಗುರುವಲ್ಲ. ಆದರೂ ಅಕ್ಷರದೀಕ್ಷೆಯನ್ನು ಕೊಡತಕ್ಕವನಾದುದರಿಂದ ಲೋಕವು ಅವನನ್ನೂ ಗುರುವೆಂದೇ ಕರೆಯುತ್ತದೆ. ಹೆಸರು ದೊಡ್ಡದಾದಷ್ಟೂ ಹೊಣೆಯೂ ದೊಡ್ಡದು. ಹೀಗಿರಲು, ಒಮ್ಮೆ ಗುರುವೆನಿಸಿಕೊಂಡವನು ಕಲಿಯುವುದನ್ನು ನಿಲ್ಲಿಸಬಹುದೆ? ಈ ಪ್ರಶ್ನೆಗೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತೆಯೇ ಉತ್ತರವಾಗಿದೆ.

ಸಿದ್ಧರಾಮರು ಕೆರೆಗಳನ್ನು ಕಟ್ಟಿಸಿದರು, ದೇಗುಲಗಳನ್ನು ಎತ್ತಿಸಿದರು. ಜನರು ಅವರನ್ನು ಗುರುವೆಂದು ನಂಬಿ ನಡೆಯುತ್ತಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುಗಳು ಅವರನ್ನು ಕೊಂಡಾಡಲಿಲ್ಲ, ಕಟುವಾಗಿಯೇ ಕೆಣಕಿದರು. ಸುತ್ತಲಿನವರು ಕೆರಳಿದರು. ಸಂವಾದವು ಮುಂದುವರಿದಂತೆ ಸಿದ್ಧರಾಮರಿಗೆ ಒಳಗಿನ ಕೊರತೆ ಗೋಚರಿಸಿತು. ಕೆರೆಯನ್ನು ಕಟ್ಟಿದ್ದು ತಪ್ಪಲ್ಲ. ಕಟ್ಟಿದವನು ನಾನೆಂಬ ಭಾವವೇ ತೊಡಕು. ಅವರು ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರೆಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ.

ಕೀರ್ತಿವಂತನಾದವನು ಎಳೆಯನೊಬ್ಬನ ಮುಂದೆ ಶಿಷ್ಯನಾಗಿ ನಿಲ್ಲುವುದು ಸಾಮಾನ್ಯವಾದ ಮಾತಲ್ಲ. ಮುಂದೆ ಶೂನ್ಯಸಿಂಹಾಸನವನ್ನು ಏರಿದವರಲ್ಲಿ ಅವರೂ ಒಬ್ಬರೆಂದು ಪರಂಪರೆ ಹೇಳುತ್ತದೆ. ಬಾಗಿದ ತಲೆಗೇ ಪಟ್ಟವು ಸಂದಿತು.

ಈ ನಿದರ್ಶನವನ್ನು ತರಗತಿಯ ಬಾಗಿಲಿಗೆ ತಂದು ನೋಡಬೇಕು. ನಿಂತ ನೀರು ಕೆಡುವಂತೆ ನಿಂತ ವಿದ್ಯೆಯೂ ಕೆಡುತ್ತದೆ. ಇಪ್ಪತ್ತು ವರುಷಗಳ ಹಿಂದೆ ಬರೆದಿಟ್ಟ ಟಿಪ್ಪಣಿಯನ್ನೇ ಓದಿ ಹೇಳುವ ಉಪಾಧ್ಯಾಯನು ಸಂಬಳಕ್ಕೆ ಕೊರತೆಯನ್ನು ಕಾಣಲಾರ. ಕೊರತೆ ಬರುವುದು ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ. ಭಿನ್ನರಾಶಿಯ ಲೆಕ್ಕ ತಿಳಿಯದಾಗ ಆ ಮಗುವು ಹೇಳಿಕೊಟ್ಟ ಬಗೆ ಸರಿಯಿಲ್ಲವೆಂದು ತಿಳಿಯುವುದಿಲ್ಲ, ತಾನೇ ದಡ್ಡನೆಂದು ತಿಳಿಯುತ್ತದೆ. ಹಾಗೆ ತಿಳಿದ ಮಗು ಕೈಯೆತ್ತಿ ಪ್ರಶ್ನಿಸುವುದನ್ನು ಬಿಡುತ್ತದೆ. ಕೆಲವೊಮ್ಮೆ ಶಾಲೆಯನ್ನೇ ಬಿಡುತ್ತದೆ. ಗುರುವಿನ ಆಲಸ್ಯಕ್ಕೆ ಶಿಷ್ಯನು ದಂಡ ತೆರುವುದು ಧರ್ಮವೆ? ಕಾಯಕದಲ್ಲಿ ಕಳ್ಳತನ ಸಲ್ಲದೆಂದು ಶರಣರು ಸಾರಿದರು. ಹಣವನ್ನು ಕದಿಯುವುದಷ್ಟೇ ಕಳ್ಳತನವಲ್ಲ. ಕೊಡಬೇಕಾದ ಅರಿವನ್ನು ಕೊಡದಿರುವುದೂ ಕಳ್ಳತನವೇ.

ಅರಿವು ಬೆಳೆಯುವ ಬಗೆಯನ್ನು ಅನುಭವಮಂಟಪವು ತೋರಿಸಿಕೊಟ್ಟಿತು. ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು ತಮ್ಮ ತಮ್ಮ ಕಾಯಕದಲ್ಲಿ ಕಂಡುದನ್ನು ಅಲ್ಲಿ ಮುಂದಿಟ್ಟರು. ಪೀಠದಲ್ಲಿ ಪ್ರಭುಗಳಿದ್ದರೂ ಮಾತು ಅವರೊಬ್ಬರದಾಗಿರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯನೂ ಹೀಗೆಯೇ ಇರತಕ್ಕದ್ದು. ಅಪ್ಪಣೆ ಕೊಡುವುದು ಸುಲಭ. ಸಹೋದ್ಯೋಗಿಯ ತರಗತಿಯಲ್ಲಿ ಕುಳಿತು ಕೇಳುವುದು, ತನ್ನ ತರಗತಿಗೆ ಅವನನ್ನು ಕರೆದು ತಪ್ಪನ್ನು ತೋರಿಸೆನ್ನುವುದು ಕಷ್ಟ. ಒಳ್ಳೆಯ ಪಾಠಕ್ರಮವನ್ನು ಕಂಡುಕೊಂಡವನು ಅದನ್ನು ಬಚ್ಚಿಡದೆ ಹಂಚಿದರೆ ಅದೇ ಜ್ಞಾನದಾಸೋಹ.

ಇಲ್ಲಿ ಒಂದು ಎಚ್ಚರವೂ ಬೇಕು. ಆಯ್ದಕ್ಕಿ ಮಾರಯ್ಯನವರು ಪ್ರಭುಗಳೊಡನೆ ಕಾಯಕದ ಹಿರಿಮೆಯನ್ನು ಮಾತನಾಡುತ್ತ ಕುಳಿತು ತಮ್ಮ ಕಾಯಕವನ್ನೇ ಮರೆತರು. ಲಕ್ಕಮ್ಮನವರು ಬಂದು, ಕಾಯಕವು ನಿಂತಿದೆಯೆಂದು ಎಚ್ಚರಿಸಿ ಎಬ್ಬಿಸಿದರು. ಸಭೆ, ಸಮಿತಿ, ಭಾಷಣಗಳಲ್ಲಿ ಮುಂದಾಳಾಗಿ ಮೆರೆಯುತ್ತ ತನ್ನ ತರಗತಿಯನ್ನು ಬರಿದಾಗಿಸುವವನಿಗೂ ಇಂಥ ಲಕ್ಕಮ್ಮನೊಬ್ಬಳು ಬೇಕು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಗೆ ವರುಷಕ್ಕೆ ಕನಿಷ್ಠ ೫೦ ಗಂಟೆಗಳ ವೃತ್ತಿಶಿಕ್ಷಣದ ಅವಕಾಶವಿರಬೇಕೆಂದಿದೆ. ಅದು ಯೋಗ್ಯವೇ. ಆದರೆ ಗಂಟೆಗಳನ್ನು ಎಣಿಸಿದ ಮಾತ್ರಕ್ಕೆ ಅರಿವು ಬೆಳೆಯದು. ಕೇಳಿದ್ದು ಮರುದಿನದ ಪಾಠದಲ್ಲಿ ಕಾಣಬೇಕು.

ಹೀಗೆ ನಡೆದು ತೋರಿದವರು ಈ ನಾಡಿನಲ್ಲಿ ಇಲ್ಲದಿಲ್ಲ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದವರು ಉಪಾಧ್ಯಾಯರು. ಆ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಅವರಲ್ಲಿ ಶಿ. ಶಿ. ಬಸವನಾಳರು ಬಸವಣ್ಣನವರ ಷಟ್‌ಸ್ಥಲ ವಚನಗಳನ್ನು ಸಂಪಾದಿಸಿದರು, ಎಂ. ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಬೃಹದ್ಗ್ರಂಥವನ್ನು ರಚಿಸಿದರು. ಸಂಸ್ಥೆಯನ್ನು ಕಟ್ಟುವ ಭಾರವನ್ನು ಹೊತ್ತವರು ಅಧ್ಯಯನವನ್ನು ಬಿಡಲಿಲ್ಲ. ಮುಂದಾಳುತನವೂ ಕಲಿಕೆಯೂ ಒಂದೇ ನೊಗದ ಎರಡು ಎತ್ತುಗಳೆಂಬುದನ್ನು ಅವರು ಬಾಳಿ ತೋರಿಸಿದರು.

ಗೃಹಸ್ಥರಾದ ಭಕ್ತರಿಗೂ ಇಲ್ಲಿ ಕರ್ತವ್ಯವುಂಟು. ಪರೀಕ್ಷೆಯ ಅಂಕಗಳನ್ನು ಕೇಳಲು ಮಾತ್ರ ಶಾಲೆಯ ಮೆಟ್ಟಲು ಹತ್ತುವುದು ಸಾಲದು. ಉಪಾಧ್ಯಾಯನು ಓದುವುದಕ್ಕೆ ಗ್ರಂಥಗಳುಂಟೆ, ಬಿಡುವುಂಟೆ ಎಂದು ವಿಚಾರಿಸಬೇಕು. ಮಠಕ್ಕೆ ಅಕ್ಕಿಯನ್ನು ಸಲ್ಲಿಸುವ ಕೈ ಶಾಲೆಗೆ ಒಂದು ಪುಸ್ತಕವನ್ನು ಸಲ್ಲಿಸಿದರೆ ಅದೂ ದಾಸೋಹವೇ. ಎಣ್ಣೆಯನ್ನು ಎರೆಯದೆ ದೀಪವು ಮಂಕಾಯಿತೆಂದು ದೂರುವುದು ನ್ಯಾಯವಲ್ಲ.

ಕಲಿಸುವವನು ಕಲಿಯುತ್ತಲೇ ಇರಲಿ; ಹಿರಿಯನು ಕಿರಿಯನ ಮಾತಿಗೆ ಕಿವಿಗೊಡಲಿ; ಹಿಂದಿನ ಸಾಲಿನ ಮಗುವೂ ಅಂಜಿಕೆಯಿಲ್ಲದೆ ಕೈಯೆತ್ತಿ ಕೇಳಲಿ. ಗುರು ಬಸವೇಶ್ವರನು ಇಂಥ ಸನ್ಮತಿಯನ್ನು ಸರ್ವರಿಗೂ ಕರುಣಿಸಲಿ.